ಫ್ಯಾಟು ಇಳಿದಾಗ ಮೊದಲು ಗೋದಲಿ ನೋಡಿ: ಹಸುವಿನ ಮೇವು ಮತ್ತು ಹಾಲಿನ ಜಿಡ್ಡು

ಡೈರಿಯಲ್ಲಿ ಹಾಲು ಹಾಕಿ ಪಡೆದ ಚೀಟಿಯಲ್ಲಿ ಫ್ಯಾಟು, ಅಂದರೆ ಹಾಲಿನಲ್ಲಿ ನೂರಕ್ಕೆ ಎಷ್ಟು ಜಿಡ್ಡು ಎಂಬ ಲೆಕ್ಕ, 3.8ರಿಂದ 3.3ಕ್ಕೆ ಇಳಿಯಿತು ಅನ್ನಿ. ಕೋಲಾರ, ಚಿಕ್ಕಬಳ್ಳಾಪುರದ ಹಳ್ಳಿಗಳಲ್ಲಿ ಮೊದಲ ಅನುಮಾನ ಮಷಿನ್ ಮೇಲೆ ಬೀಳುತ್ತದೆ. ಆಮೇಲೆ ಅಂಗಡಿಯಿಂದ ಯಾವ ಪುಡಿ ತಂದು ಹಾಕಿದರೆ ಏರುತ್ತದೆ ಎಂಬ ಮಾತು ಬರುತ್ತದೆ. ಗೋದಲಿಯತ್ತ ಕಣ್ಣು ಹೋಗುವುದು ಕೊನೆಗೆ. ನೋಡಬೇಕಾದ ಕ್ರಮ ಇದರ ತಿರುಗುಮುರುಗು. ಹಸು ದಿನವಿಡೀ ಏನನ್ನು, ಎಷ್ಟು, ಯಾವುದರ ಹಿಂದೆ ಯಾವುದನ್ನು ತಿಂದಿತು ಎಂಬುದರ ಮೇಲೆಯೇ ಹಾಲಿನ ಜಿಡ್ಡಿನ ಪ್ರಮಾಣ ಬಹುಮಟ್ಟಿಗೆ ನಿಂತಿದೆ. ಆ ಜಿಡ್ಡು ಎಂಥದ್ದು, ಬೆಣ್ಣೆ ಗಟ್ಟಿಯೋ ಮೆದುವೋ, ತುಪ್ಪ ಬಿಳಿಯೋ ಹಳದಿಯೋ ಎಂಬುದೂ ಮೇವಿನಿಂದಲೇ ಬದಲಾಗುತ್ತದೆ. ಹಾಲಿನ ಇನ್ನಾವ ಅಂಶವೂ ಮೇವಿಗೆ ಇಷ್ಟು ಬೇಗ, ಇಷ್ಟು ದೊಡ್ಡದಾಗಿ ಬದಲಾಗುವುದಿಲ್ಲ. ಹಾಲಿನ ಸಕ್ಕರೆಯಂತೂ ಹೆಚ್ಚುಕಡಿಮೆ ಅಲುಗುವುದೇ ಇಲ್ಲ.

ಒಂದು ಮಿತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ತಳಿಯ ಹಸು ಸಹಜವಾಗಿ 3.5ರ ಆಸುಪಾಸು, ಜರ್ಸಿ 4.5ರಿಂದ 5, ಎಮ್ಮೆ 6ರಿಂದ 7 ಫ್ಯಾಟು ಕೊಡುತ್ತವೆ. ಮೇವಿನಿಂದ ಎಚ್‌ಎಫ್ ಹಸುವನ್ನು ಎಮ್ಮೆ ಮಾಡಲಾಗದು. ತಪ್ಪು ಮೇವಿನಿಂದ ಕಳೆದುಕೊಂಡ ಅರ್ಧ, ಮುಕ್ಕಾಲು ಪಾಯಿಂಟನ್ನು ವಾಪಸು ತರಬಹುದು. ಬಹುಪಾಲು ಮನೆಗಳಲ್ಲಿ ಕಳೆದುಹೋಗಿರುವುದು ಅಷ್ಟೇ.

ಮೊದಲು: ತಪ್ಪು ಮೇವಿನದೇ ಹೌದೇ?

ಮೇವಿಗೆ ಕೈ ಹಾಕುವ ಮುನ್ನ ಕೆಲವು ವಿಷಯ ಖಚಿತ ಮಾಡಿಕೊಳ್ಳಿ. ಕೆಚ್ಚಲಿನಿಂದ ಮೊದಲು ಬರುವ ಹಾಲಿನಲ್ಲಿ ಜಿಡ್ಡು ಒಂದೆರಡು ಶೇಕಡಾ ಮಾತ್ರ ಇರುತ್ತದೆ. ಕಟ್ಟಕಡೆಗೆ ಬರುವ ಹಾಲಿನಲ್ಲಿ 8ರವರೆಗೂ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಅವಸರದಲ್ಲಿ ಕರೆದು ಕೊನೆಯ ಹಾಲನ್ನು ಬಿಟ್ಟರೆ ಅಥವಾ ಕರುವಿಗೆ ಕೊನೆಗೆ ಬಿಟ್ಟುಕೊಟ್ಟರೆ, ಡೈರಿಗೆ ಹೋಗುವುದು ತೆಳು ಹಾಲು. ಕರುವಿಗೆ ಮೊದಲು ಕುಡಿಸಿ, ಆಮೇಲೆ ಪೂರ್ತಿ ಕರೆಯಿರಿ. ಕ್ಯಾನಿನಲ್ಲಿ ಜಿಡ್ಡು ಮೇಲೆ ತೇಲುತ್ತದೆ, ಆದ್ದರಿಂದ ಮಾದರಿ ತೆಗೆಯುವ ಮುನ್ನ ಹಾಲನ್ನು ಮೇಲೆ ಕೆಳಗೆ ಚೆನ್ನಾಗಿ ಕದಡಬೇಕು.

ಬೆಳಗಿನ ಹಾಲಿಗಿಂತ ಸಂಜೆಯ ಹಾಲಿನಲ್ಲಿ ಫ್ಯಾಟು ಸಾಮಾನ್ಯವಾಗಿ ಹೆಚ್ಚು, ಏಕೆಂದರೆ ನಮ್ಮಲ್ಲಿ ಸಂಜೆಯಿಂದ ಬೆಳಗಿನವರೆಗಿನ ಅಂತರ ಉದ್ದ, ಹಾಲು ಹೆಚ್ಚಾದಷ್ಟು ಜಿಡ್ಡು ತೆಳುವಾಗುತ್ತದೆ. ಹೀಗಾಗಿ ಬೆಳಗಿನ ಚೀಟಿಯನ್ನು ಬೆಳಗಿನ ಚೀಟಿಗೇ ಹೋಲಿಸಬೇಕು. ಕರು ಹಾಕಿ ಒಂದೂವರೆ ಎರಡು ತಿಂಗಳಾದಾಗ ಹಾಲು ತುದಿ ಮುಟ್ಟುತ್ತದೆ, ಫ್ಯಾಟು ತಳ ಮುಟ್ಟುತ್ತದೆ. ಬತ್ತುವ ಹೊತ್ತಿಗೆ ಫ್ಯಾಟು ತಾನಾಗಿಯೇ ಏರುತ್ತದೆ. ಇದು ಪ್ರಕೃತಿ, ಇದಕ್ಕೆ ಔಷಧ ಬೇಡ. ಕೊಟ್ಟಿಗೆಯಲ್ಲಿ ಎರಡು ಮೂರು ಹಸು ಇದ್ದರೆ ಒಂದೊಂದರ ಹಾಲನ್ನೂ ಬೇರೆಬೇರೆಯಾಗಿ ಪರೀಕ್ಷೆ ಮಾಡಿಸಿ. ಒಂದೇ ಹಸುವಿನದು ಕಡಿಮೆ ಇದ್ದರೆ ಕೆಚ್ಚಲುಬಾವು ಇರಬಹುದು, ಅದು ಕರು ಹಾಕಿದ ದಿನಗಳ ಲೆಕ್ಕವಿರಬಹುದು. ಎಲ್ಲವುಗಳದ್ದೂ ಒಟ್ಟಿಗೆ ಬಿದ್ದಿದ್ದರೆ ಗೋದಲಿಗೆ ಬನ್ನಿ.

ಜಿಡ್ಡು ಹುಟ್ಟುವುದು ಎಲ್ಲಿಂದ

ಇದನ್ನು ತಿಳಿಯದೆ ಮುಂದಿನ ಹೆಜ್ಜೆಗಳು ಹಿಡಿತಕ್ಕೆ ಸಿಗುವುದಿಲ್ಲ. ಸ್ವಲ್ಪ ಸಾವಕಾಶವಾಗಿ ಓದಿ.

ಹಾಲಿನ ಜಿಡ್ಡಿನಲ್ಲಿ ನಾನ್ನೂರಕ್ಕೂ ಹೆಚ್ಚು ಬಗೆಯ ಕೊಬ್ಬಿನಾಮ್ಲಗಳಿವೆ. ಅವು ಎರಡು ದಾರಿಯಿಂದ ಬರುತ್ತವೆ, ಹೆಚ್ಚುಕಡಿಮೆ ಅರ್ಧಕ್ಕರ್ಧ. ಮೊದಲ ದಾರಿ ನಾರಿನದು. ರಾಗಿ ಹುಲ್ಲು, ಜೋಳದ ಕಡ್ಡಿ, ಸೀಮೆಹುಲ್ಲು ಹಸುವಿನ ನಾಲ್ಕು ಹೊಟ್ಟೆಗಳಲ್ಲಿ ಮೊದಲನೆಯದಕ್ಕೆ ಹೋದಾಗ ಅಲ್ಲಿನ ಸೂಕ್ಷ್ಮಜೀವಿಗಳು ಅದನ್ನು ಹುಳಿಯಿಸಿ ಅಸಿಟಿಕ್ ಆಮ್ಲ, ಬ್ಯುಟಿರಿಕ್ ಆಮ್ಲ ಮಾಡುತ್ತವೆ. ಇವು ರಕ್ತದಲ್ಲಿ ಹರಿದು ಕೆಚ್ಚಲಿಗೆ ಬರುತ್ತವೆ, ಕೆಚ್ಚಲು ಅವನ್ನು ಪೋಣಿಸಿ ಗಿಡ್ಡ ಮತ್ತು ಮಧ್ಯಮ ಉದ್ದದ ಕೊಬ್ಬಿನಾಮ್ಲಗಳನ್ನು ತಾನೇ ತಯಾರಿಸುತ್ತದೆ. ತುಪ್ಪಕ್ಕೆ ಆ ಘಮ ಬರುವುದರಲ್ಲಿ ಈ ಗಿಡ್ಡ ಆಮ್ಲಗಳ ಪಾಲು ದೊಡ್ಡದು. ಅಡುಗೆ ಎಣ್ಣೆಗಳಲ್ಲಿ ಅವು ಇಲ್ಲ. ಎರಡನೆಯ ದಾರಿ ಸಿದ್ಧ ಕೊಬ್ಬಿನದು: ಹಿಂಡಿ, ತೌಡು, ಹತ್ತಿಕಾಳು, ಹಸಿರು ಹುಲ್ಲಿನ ಎಣ್ಣೆಯಂಶ ಮತ್ತು ಹಸುವಿನ ಮೈಯಲ್ಲೇ ಕೂಡಿಟ್ಟ ಕೊಬ್ಬು. ಇವು ಉದ್ದನೆಯ ಕೊಬ್ಬಿನಾಮ್ಲಗಳಾಗಿ ರಕ್ತದಿಂದ ನೇರವಾಗಿ ಹಾಲಿಗೆ ಇಳಿಯುತ್ತವೆ.

ಧಾನ್ಯದ ಹಿಟ್ಟು ಬೇರೆ ಕೆಲಸ ಮಾಡುತ್ತದೆ. ಮುಸುಕಿನ ಜೋಳದ ನುಚ್ಚು, ರಾಗಿ ಹಿಟ್ಟು, ಅನ್ನ, ಇವೆಲ್ಲ ಬೇಗ ಹುಳಿದು ಪ್ರೊಪಿಯೋನಿಕ್ ಆಮ್ಲವನ್ನು ಹೆಚ್ಚಿಸುತ್ತವೆ. ಅದು ಹಸುವಿಗೆ ಶಕ್ತಿ ಕೊಡುತ್ತದೆ, ಹಾಲಿನ ಲೀಟರು ಏರಿಸುತ್ತದೆ, ಎಸ್‌ಎನ್‌ಎಫ್‌ಗೂ (ಹಾಲಿನಲ್ಲಿ ಜಿಡ್ಡು ಬಿಟ್ಟು ಉಳಿದ ಘನಾಂಶಕ್ಕೂ) ಒಳ್ಳೆಯದು. ಜಿಡ್ಡಿಗೆ ಮಾತ್ರ ಅದರಿಂದ ಕಚ್ಚಾ ಸಾಮಾನು ಸಿಗುವುದಿಲ್ಲ. ಹಿಟ್ಟು ಮಿತಿಮೀರಿದರೆ ಮೊದಲ ಹೊಟ್ಟೆಯೇ ಹುಳಿಯಾಗಿ, ನಾರು ಕರಗಿಸುವ ಜೀವಿಗಳು ಸೊರಗುತ್ತವೆ.

ಇನ್ನೊಂದು ಸೂಕ್ಷ್ಮ ಸಂಗತಿ ಇದೆ. ಬಹಳ ಜನರಿಗೆ ತಿಳಿಯದ ಇದೇ ಅನೇಕ ಬಾರಿ ನಿಜವಾದ ಕಾರಣ. ಹಿಂಡಿ ತೌಡುಗಳ ಎಣ್ಣೆಯಲ್ಲಿ ಲಿನೋಲೆಯಿಕ್ ಎಂಬ ಅನ್‌ಸ್ಯಾಚುರೇಟೆಡ್ ಕೊಬ್ಬಿನಾಮ್ಲ ಹೇರಳ. ಹೊಟ್ಟೆಯ ಜೀವಿಗಳಿಗೆ ಅದು ವಿಷದಂತೆ, ಹಾಗಾಗಿ ಅವು ಅದಕ್ಕೆ ಹೈಡ್ರೋಜನ್ ಸೇರಿಸಿ ಹಂತಹಂತವಾಗಿ ಸ್ಯಾಚುರೇಟೆಡ್ ಕೊಬ್ಬಾಗಿ ಮಾರ್ಪಡಿಸುತ್ತವೆ. ಹಸು ಎಣ್ಣೆ ತಿಂದರೂ ಹಾಲಿನ ಜಿಡ್ಡಿನ ಸುಮಾರು ಮೂರನೇ ಎರಡು ಭಾಗ ಸ್ಯಾಚುರೇಟೆಡ್ ಆಗಿಯೇ ಇರುವುದು ಇದರಿಂದ. ಹೊಟ್ಟೆ ಸರಿ ಇದ್ದಾಗ ಈ ಹಂತಗಳು ಸುಗಮ. ಹೊಟ್ಟೆ ಹುಳಿಯಾಗಿ ಮೇಲಿಂದ ಎಣ್ಣೆಯೂ ಹೆಚ್ಚಾದರೆ ದಾರಿ ತಪ್ಪಿ, ಟ್ರಾನ್ಸ್-10, ಸಿಸ್-12 ಸಿಎಲ್‌ಎ (ಲಿನೋಲೆಯಿಕ್ ಆಮ್ಲದ ಒಂದು ಮಾರ್ಪಟ್ಟ ರೂಪ) ಎಂಬ ಪದಾರ್ಥ ಹುಟ್ಟುತ್ತದೆ. ಇದು ಕೆಚ್ಚಲಿಗೆ ಹೋಗಿ ಜಿಡ್ಡು ತಯಾರಿಸುವ ಕೆಲಸವನ್ನೇ ತಡೆಯುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಡೇಲ್ ಬಾಮನ್ ಮತ್ತು ಸಂಗಡಿಗರು ಇದನ್ನು ಪ್ರಯೋಗದಿಂದ ತೋರಿಸಿದರು: ದಿನಕ್ಕೆ 10 ಗ್ರಾಂ ಆಸುಪಾಸಿನಷ್ಟು ಈ ಪದಾರ್ಥ ನಾಲ್ಕನೆಯ ಹೊಟ್ಟೆಗೆ ನೇರವಾಗಿ ಸೇರಿದರೂ ಹಾಲಿನ ಜಿಡ್ಡು ಅರ್ಧದ ಹತ್ತಿರಕ್ಕೆ ಕುಸಿಯಿತು. ಹಸು ಆರೋಗ್ಯವಾಗಿದೆ, ಹಾಲಿನ ಅಳತೆ ಇಳಿದಿಲ್ಲ, ಎಸ್‌ಎನ್‌ಎಫ್ ಸರಿಯಿದೆ, ಫ್ಯಾಟು ಮಾತ್ರ ಬಿದ್ದಿದೆ ಎಂದರೆ ಇದನ್ನೇ ಮೊದಲು ಶಂಕಿಸಿ.

ಹಸು ಹೇಳುವುದನ್ನು ನೋಡಿ

ಮಧ್ಯಾಹ್ನ ಹಸುಗಳು ಮಲಗಿರುವಾಗ ಕೊಟ್ಟಿಗೆಗೆ ಹೋಗಿ ಸುಮ್ಮನೆ ನಿಲ್ಲಿ. ಅರ್ಧಕ್ಕಿಂತ ಹೆಚ್ಚು ಹಸುಗಳು ಮೆಲುಕು ಹಾಕುತ್ತಿರಬೇಕು. ಒಂದು ತುತ್ತು ಮೇಲೆ ಬಂದ ಮೇಲೆ ಅದನ್ನು ಎಷ್ಟು ಸಲ ಅಗಿಯುತ್ತದೆ ಎಣಿಸಿ: 50ರಿಂದ 70 ಸಲ ಅಗಿದರೆ ನಾರು ಸಾಕಷ್ಟಿದೆ. ಅದಕ್ಕಿಂತ ಬಹಳ ಕಡಿಮೆ ಅಗಿದು ನುಂಗಿದರೆ ಹೊಟ್ಟೆಯಲ್ಲಿ ಅಗಿಯಲು ಉದ್ದದ ನಾರೇ ಇಲ್ಲ. ಹಸು ದಿನಕ್ಕೆ ಏಳೆಂಟು ಗಂಟೆ ಮೆಲುಕು ಹಾಕುತ್ತದೆ, ನೂರು ಲೀಟರಿಗೂ ಮಿಕ್ಕಿ ಜೊಲ್ಲು ಸುರಿಸುತ್ತದೆ. ಆ ಜೊಲ್ಲಿನಲ್ಲೇ ಸೋಡ ಇದೆ, ಹೊಟ್ಟೆಯ ಹುಳಿ ಮುರಿಯುವುದು ಅದೇ. ಅಗಿಯುವುದು ಕಡಿಮೆಯಾದರೆ ಜೊಲ್ಲು ಕಡಿಮೆ, ಜೊಲ್ಲು ಕಡಿಮೆಯಾದರೆ ಹುಳಿ ಹೆಚ್ಚು.

ಸಗಣಿಯನ್ನೂ ನೋಡಿ. ಗಟ್ಟಿ ಅಂಬಲಿಯ ಹದಕ್ಕೆ ಬಿದ್ದು ಎರಡು ಮೂರು ಸುತ್ತಿನ ರಾಶಿಯಾದರೆ ಸರಿ. ತೆಳ್ಳಗೆ ಹರಿದು ಗುಳ್ಳೆ ಬಂದಿದ್ದರೆ, ಹುಳಿ ವಾಸನೆ ಇದ್ದರೆ, ಜೋಳದ ನುಚ್ಚು ಹಾಗೇ ಕಂಡರೆ ಹಿಟ್ಟು ಹೆಚ್ಚಾಗಿದೆ. ಅನುಮಾನವಿದ್ದರೆ ಒಂದು ಹಿಡಿ ಸಗಣಿಯನ್ನು ಹಳೆಯ ಜರಡಿಗೆ ಹಾಕಿ ನೀರು ಬಿಟ್ಟು ತೊಳೆಯಿರಿ, ಉಳಿದದ್ದು ಎಲ್ಲ ಹೇಳುತ್ತದೆ. ಒಂದೇ ಕೊಟ್ಟಿಗೆಯ ಹಸುಗಳ ಸಗಣಿ ಒಂದೊಂದು ಥರ ಇದ್ದರೆ, ಬಲವಾದ ಹಸು ಪಕ್ಕದ್ದರ ಹಿಂಡಿಗೂ ಬಾಯಿ ಹಾಕುತ್ತಿರಬಹುದು.

ತಕ್ಕಡಿ ಹಿಡಿಯಿರಿ

ಕೈ ಅಂದಾಜು ಎಂದರೆ ಮನೆಯಲ್ಲಿ ಯಾರು ಮೇವು ಹಾಕುತ್ತಾರೋ ಅವರ ಕೈಯ ಅಂದಾಜು. ಅಪ್ಪನ ಬುಟ್ಟಿ ಬೇರೆ, ಮಗನ ಬುಟ್ಟಿ ಬೇರೆ. ಒಂದು ದಿನ ತರಕಾರಿ ತೂಗುವ ತಕ್ಕಡಿ ತಂದು, ಬೆಳಗಿನಿಂದ ರಾತ್ರಿಯವರೆಗೆ ಒಂದು ಹಸುವಿಗೆ ಹಾಕಿದ್ದನ್ನೆಲ್ಲ ತೂಗಿ ಬರೆಯಿರಿ. ಬಿಟ್ಟದ್ದನ್ನೂ ತೂಗಿ ಕಳೆಯಿರಿ.

ಆಮೇಲೆ ಒಣ ತೂಕಕ್ಕೆ ಇಳಿಸಿ. ಸೀಮೆಹುಲ್ಲಿನಲ್ಲಿ ಐದರಲ್ಲಿ ನಾಲ್ಕು ಪಾಲು ನೀರೇ, 20 ಕಿಲೋ ಎಂದರೆ ಒಣ ಲೆಕ್ಕದಲ್ಲಿ 4 ಕಿಲೋ. ರಾಗಿ ಹುಲ್ಲು, ಹಿಂಡಿ, ಬೂಸ, ಪಶು ಆಹಾರ ಇವು ಹತ್ತರಲ್ಲಿ ಒಂಬತ್ತು ಪಾಲು ಒಣ. 420 ಕಿಲೋ ತೂಗುವ, ದಿನಕ್ಕೆ 12 ಲೀಟರ್ ಕೊಡುವ ಸೀಮೆಹಸುವಿಗೆ ಮೈತೂಕದ ನೂರಕ್ಕೆ 3ರಂತೆ ಸುಮಾರು 13 ಕಿಲೋ ಒಣ ಆಹಾರ ಬೇಕು. ಅದಕ್ಕೆ 20 ಕಿಲೋ ಹಸಿರು, 5 ಕಿಲೋ ರಾಗಿ ಹುಲ್ಲು, 5 ಕಿಲೋ ಪಶು ಆಹಾರ ಹಾಕಿದರೆ ಲೆಕ್ಕ ಕೂಡುತ್ತದೆ. ಹುಲ್ಲು ಮೇವಿನ ಪಾಲು ಮೂರನೇ ಎರಡು ಭಾಗದ ಹತ್ತಿರ ನಿಲ್ಲುತ್ತದೆ. ಇಂಥ ಹಸುವಿನ ಫ್ಯಾಟು ಬೀಳಲು ಬೇರೆ ಕಾರಣವೇ ಬೇಕು.

ಈಗ ಇನ್ನೊಂದು ಗೋದಲಿ ಊಹಿಸಿಕೊಳ್ಳಿ. ಬೇಸಿಗೆ, ಬೋರ್‌ವೆಲ್‌ನಲ್ಲಿ ನೀರಿಲ್ಲ, ಹಸಿರಿಲ್ಲ, ಹುಲ್ಲಿನ ಬೆಲೆ ಏರಿದೆ. 2 ಕಿಲೋ ರಾಗಿ ಹುಲ್ಲು, ಮಂಡಿಯಿಂದ ತಂದ 10 ಕಿಲೋ ಎಲೆಕೋಸಿನ ಎಲೆ, ಹಾಲು ಇಳಿಯಬಾರದೆಂದು 8 ಕಿಲೋ ಹಿಂಡಿ, ಬೂಸ, ಜೋಳದ ನುಚ್ಚು, ತೌಡು. ಎಲೆಕೋಸು ಹೆಚ್ಚುಕಡಿಮೆ ನೀರೇ, ಒಣ ಲೆಕ್ಕಕ್ಕೆ ಒಂದು ಕಿಲೋ ದಾಟದು. ಒಟ್ಟು ಹತ್ತು ಕಿಲೋ ಒಣ ಆಹಾರದಲ್ಲಿ ಹಿಂಡಿ ಹಿಟ್ಟೇ ಏಳು ಕಿಲೋ! ಹಾಲಿನ ಅಳತೆ ಕೆಲವು ದಿನ ಇಳಿಯದೆ ನಿಲ್ಲುತ್ತದೆ, ಫ್ಯಾಟು ಹಾಗೆ ನಿಲ್ಲುವುದಿಲ್ಲ. ಖರ್ಚೂ ಇಲ್ಲೇ ಹೆಚ್ಚು ಎಂಬುದು ನನಗೆ ಹೆಚ್ಚು ಸಂಕಟ ತರುವ ವಿಷಯ. ದುಬಾರಿ ಮೇವನ್ನು ಸುರಿದು ಅಗ್ಗದ ಹಾಲು ಪಡೆಯುವ ಸ್ಥಿತಿ ಇದು.

ಒಣ ಲೆಕ್ಕದಲ್ಲಿ ಹುಲ್ಲು ಮೇವಿನ ಪಾಲು ಯಾವ ಕಾರಣಕ್ಕೂ ನೂರಕ್ಕೆ 40ಕ್ಕಿಂತ ಇಳಿಯಬಾರದು. 25 ಲೀಟರ್ ಕೊಡುವ ಹಸುವಿಗೂ ಇದೇ ಗೆರೆ. 50ರ ಮೇಲೆ ಇಟ್ಟುಕೊಂಡರೆ ನೆಮ್ಮದಿ. ಪಶು ಆಹಾರಕ್ಕೆ ವಾಡಿಕೆಯ ಲೆಕ್ಕ ಹಸುವಿನ ಮೈಯ ಪೋಷಣೆಗೆ 1ರಿಂದ 1.5 ಕಿಲೋ, ಅದರ ಮೇಲೆ ಹಾಲಿನ ಪ್ರತಿ ಲೀಟರಿಗೆ 400 ಗ್ರಾಂ. ಒಳ್ಳೆಯ ಹಸಿರು, ಅದರಲ್ಲೂ ಅಲಸಂದೆ, ಕುದುರೆಮೆಂತ್ಯದಂಥ ದ್ವಿದಳ ಮೇವು ಇದ್ದರೆ ಅದರಲ್ಲಿ ಒಂದು ಕಿಲೋ ಇಳಿಸಬಹುದು.

ಫ್ಯಾಟಿನ ಶೇಕಡಾವಾರಿನ ಹಿಂದೆ ಕುರುಡಾಗಿ ಓಡಲೂಬಾರದು. ಹಿಂಡಿ ಕಡಿದು ಬರೀ ಹುಲ್ಲು ಹಾಕಿದರೆ ಫ್ಯಾಟು 3.9 ಬರಬಹುದು, ಆದರೆ ಹಾಲು 12ರಿಂದ 10 ಲೀಟರಿಗೆ ಇಳಿದರೆ ಹಸು ಕೊಟ್ಟ ಒಟ್ಟು ಜಿಡ್ಡು ಸುಮಾರು 390 ಗ್ರಾಂ. 12 ಲೀಟರಿಗೆ 3.4 ಇದ್ದಾಗ ಅದು ಸುಮಾರು 408 ಗ್ರಾಂ ಇತ್ತು. ಎಸ್‌ಎನ್‌ಎಫ್ ಕೂಡ ಅರೆಹೊಟ್ಟೆಯ ಹಸುವಿನಲ್ಲಿ ಇಳಿಯುತ್ತದೆ. ಡೈರಿಯ ದರ ಎರಡನ್ನೂ ನೋಡಿ ನಿಗದಿಯಾಗುವುದರಿಂದ, ಚೀಟಿಯಲ್ಲಿ ಒಂದು ಸಂಖ್ಯೆಯನ್ನಷ್ಟೇ ನೋಡುವವರಿಗೆ ನಷ್ಟ ಕಾಣುವುದೇ ಇಲ್ಲ.

ಹಾಕುವ ಹೊತ್ತು ಮತ್ತು ಕ್ರಮ

ಅದೇ ಮೇವು, ಅದೇ ತೂಕ, ಕ್ರಮ ಬದಲಾದರೆ ಸಾಕು, ಫ್ಯಾಟು ಬದಲಾಗುತ್ತದೆ. ಕಾಸಿಲ್ಲದೆ ಆಗುವ ತಿದ್ದುಪಡಿ ಇದೊಂದೇ, ಆದ್ದರಿಂದ ಇದನ್ನೇ ಮೊದಲು ಮಾಡಿ. ಬೆಳಿಗ್ಗೆ ಎದ್ದ ತಕ್ಷಣ ಖಾಲಿ ಹೊಟ್ಟೆಗೆ ಬಕೆಟ್ ಹಿಂಡಿ ಇಡುವುದು ನಮ್ಮ ಅಭ್ಯಾಸ, ಹಸು ಸುಮ್ಮನೆ ನಿಂತು ಹಾಲು ಕೊಡಲಿ ಎಂದು. ಅದರ ಬದಲು ಕರೆಯುವ ಅರ್ಧ ಗಂಟೆ ಮೊದಲು ಒಂದು ತೆಕ್ಕೆ ಒಣಹುಲ್ಲು ಹಾಕಿ. ಅದು ಹೊಟ್ಟೆಯಲ್ಲಿ ಚಾಪೆಯಂತೆ ಹಾಸಿಕೊಂಡ ಮೇಲೆ ಹಿಂಡಿ ಬೀಳಲಿ. ಹಿಂಡಿ ಹಿಟ್ಟನ್ನು ಒಂದು ಸಲಕ್ಕೆ 2.5 ಕಿಲೋಗಿಂತ ಹೆಚ್ಚು ಇಡಬೇಡಿ. ದಿನಕ್ಕೆ 7 ಕಿಲೋ ಇದ್ದರೆ ಮೂರು ಹೊತ್ತು ಮಾಡಿ. ರಾತ್ರಿ ಮಲಗುವ ಮುನ್ನ ಗೋದಲಿ ತುಂಬ ಹುಲ್ಲಿರಲಿ, ಹಸುವಿಗೆ ನಿರಾಳವಾಗಿ ಮೆಲುಕು ಹಾಕುವ ಹೊತ್ತು ಅದು.

ಮೇವು ಕತ್ತರಿಸುವ ಯಂತ್ರದ ಬಗ್ಗೆ ಒಂದು ಮಾತು. ಹುಲ್ಲು ಕತ್ತರಿಸಿದರೆ ವ್ಯರ್ಥ ಕಡಿಮೆ, ನಿಜ. ಒಂದರಿಂದ ಒಂದೂವರೆ ಅಂಗುಲಕ್ಕೆ ಕತ್ತರಿಸಿ. ಅಲಗು ಹತ್ತಿರ ಮಾಡಿ ಪುಡಿಪುಡಿ ಮಾಡಿದರೆ ಅದು ಹುಲ್ಲಾದರೂ ಹಿಟ್ಟಿನಂತೆ ಜಾರಿಹೋಗುತ್ತದೆ, ಅಗಿಯಲು ಏನೂ ಉಳಿಯುವುದಿಲ್ಲ. ತಕ್ಕಡಿಯಲ್ಲಿ ಲೆಕ್ಕ ಸರಿ ಇದ್ದೂ ಫ್ಯಾಟು ಬೀಳುವ ಮನೆಗಳಲ್ಲಿ ಈ ಪುಡಿಯನ್ನು ಹುಡುಕಿ.

ಇನ್ನು ಮದುವೆ ಮನೆಯ ಮಿಕ್ಕ ಅನ್ನ, ಹಬ್ಬದ ಪಾಯಸ, ರಾಗಿ ಗಂಜಿಯನ್ನು ಹಸುವಿಗೆ ಸುರಿಯುವುದು. ಫ್ಯಾಟು ಬೀಳುವುದು ಇದರ ಸಣ್ಣ ಪರಿಣಾಮ. ಬೇಯಿಸಿದ ಪಿಷ್ಟ ಒಮ್ಮೆಲೇ ಹುಳಿದು ಹೊಟ್ಟೆಯುಬ್ಬರ, ಆಮ್ಲಬಾಧೆಯಿಂದ ಹಸು ಒಂದೆರಡು ದಿನದಲ್ಲಿ ಸಾಯುವುದುಂಟು. ದಯವಿಟ್ಟು ಹಾಕಬೇಡಿ. ಅಪ್ಪಿತಪ್ಪಿ ತಿಂದಿದ್ದರೆ ಮನೆಮದ್ದಿಗೆ ಕಾಯದೆ ಡಾಕ್ಟರನ್ನು ಕರೆಸಿ.

ಎಣ್ಣೆಯ ಲೆಕ್ಕ, ಬೆಣ್ಣೆಯ ಗುಣ

"ಹಿಂಡಿಯಲ್ಲಿ ಎಣ್ಣೆ ಇದ್ದರೆ ಹಾಲಿನಲ್ಲಿ ಬೆಣ್ಣೆ" ಎಂಬ ನಂಬಿಕೆ ಅರ್ಧ ಸತ್ಯ. ಒಟ್ಟು ಒಣ ಆಹಾರದಲ್ಲಿ ಎಣ್ಣೆಯಂಶ ನೂರಕ್ಕೆ 6 ದಾಟಿದರೆ ನಾರು ಕರಗಿಸುವ ಜೀವಿಗಳಿಗೆ ಏಟು ಬೀಳುತ್ತದೆ. 13 ಕಿಲೋ ತಿನ್ನುವ ಹಸುವಿಗೆ ಆ ಗೆರೆ 780 ಗ್ರಾಂ. ಮೇವು ಮತ್ತು ಸಾಮಾನ್ಯ ಪಶು ಆಹಾರದಲ್ಲೇ ಅದರ ಅರ್ಧ ಬಂದುಬಿಡುತ್ತದೆ, ಮೇಲೆ ಹಾಕಲು ಉಳಿಯುವುದು ಸ್ವಲ್ಪವೇ. ಗಿರಣಿಯಿಂದ ತಂದ, ಎಣ್ಣೆ ತೆಗೆಯದ ಅಕ್ಕಿ ತೌಡಿನಲ್ಲಿ ನೂರಕ್ಕೆ ಸುಮಾರು 15 ಎಣ್ಣೆ; 2 ಕಿಲೋ ಹಾಕಿದರೆ ಅದೊಂದರಿಂದಲೇ 300 ಗ್ರಾಂ. ಅದರ ಜೊತೆಗೆ ಗಾಣದ ಕಡಲೆಕಾಯಿ ಹಿಂಡಿ, ಜೋಳದ ನುಚ್ಚು ಸೇರಿದರೆ ನಾನು ಮೇಲೆ ಹೇಳಿದ ದಾರಿ ತಪ್ಪುವ ಸ್ಥಿತಿಗೆ ಬೇಕಾದದ್ದೆಲ್ಲ ಒಂದೇ ಬಕೆಟ್ಟಿನಲ್ಲಿದೆ. ಕಾರ್ಖಾನೆಯಲ್ಲಿ ಎಣ್ಣೆ ತೆಗೆದ ತೌಡು, ಹಿಂಡಿಗಳಲ್ಲಿ ಎಣ್ಣೆ ನೂರಕ್ಕೆ ಒಂದರ ಆಸುಪಾಸು. ಅವುಗಳಿಂದ ಈ ಅಪಾಯವಿಲ್ಲ.

ಹತ್ತಿಕಾಳು ಇದಕ್ಕೆ ಹೊರತು. ಇಡೀ ಕಾಳಿನಲ್ಲಿ ಎಣ್ಣೆ ನೂರಕ್ಕೆ 18ರಿಂದ 20 ಇದ್ದರೂ ಸಿಪ್ಪೆಯೊಳಗೆ ಇರುವುದರಿಂದ ಅದು ನಿಧಾನವಾಗಿ ಬಿಡುಗಡೆಯಾಗುತ್ತದೆ, ಮೇಲಿನ ನಾರು ಮತ್ತು ನೂಲು ಅಗಿಸುತ್ತವೆ. ಒಂದು, ಹೆಚ್ಚೆಂದರೆ ಎರಡು ಕಿಲೋ ಹತ್ತಿಕಾಳು ದೊಡ್ಡ ಹಸುವಿಗೆ ಫ್ಯಾಟು ಎತ್ತಲು ಸಹಾಯಕ. ಕರುಗಳಿಗೆ ಮಾತ್ರ ಕೊಡಬೇಡಿ, ಅದರಲ್ಲಿರುವ ಗಾಸಿಪಾಲ್ ಅವಕ್ಕೆ ವಿಷ.

ಮನೆಯಲ್ಲಿ ಮೊಸರು ಕಡೆಯುವವರಿಗೆ ಮೇವಿನ ವ್ಯತ್ಯಾಸ ಕೈಗೇ ಸಿಗುತ್ತದೆ. ತಿಪಟೂರು, ಗುಬ್ಬಿ ಕಡೆ ಕೊಬ್ಬರಿ ಹಿಂಡಿ ಹಾಕುವ ಮನೆಗಳಲ್ಲಿ ಬೆಣ್ಣೆ ಗಟ್ಟಿ. ತೆಂಗಿನ ಎಣ್ಣೆಯ ಲಾರಿಕ್, ಮಿರಿಸ್ಟಿಕ್ ಆಮ್ಲಗಳು ಸ್ಯಾಚುರೇಟೆಡ್, ಅವು ಹಾಲಿಗೂ ಇಳಿಯುತ್ತವೆ. ಹತ್ತಿಕಾಳೂ ಬೆಣ್ಣೆಯನ್ನು ಗಟ್ಟಿ ಮಾಡುತ್ತದೆ. ತೌಡು, ಕಡಲೆಕಾಯಿ ಹಿಂಡಿ, ಸೂರ್ಯಕಾಂತಿ ಹಿಂಡಿ ಹೆಚ್ಚಾದರೆ ಒಲೆಯಿಕ್ ಆಮ್ಲ ಹೆಚ್ಚಿ ಬೆಣ್ಣೆ ಮೆದುವಾಗುತ್ತದೆ, ಕೈಗೆ ಅಂಟುತ್ತದೆ. ಎಳೆಯ ಹಸಿರು ಹುಲ್ಲು ತಿಂದ ಹಸುವಿನ ಬೆಣ್ಣೆಯೂ ಮೆದುವೇ, ಆದರೆ ಹಳದಿ. ಹಸಿರಿನ ಬೀಟಾ ಕ್ಯಾರೊಟಿನ್ ಹಸುವಿನ ಜಿಡ್ಡಿನಲ್ಲಿ ಹಾಗೇ ಬರುವುದರಿಂದ ಆ ಬಣ್ಣ. ಎಮ್ಮೆ ಅದನ್ನು ಎ ಜೀವಸತ್ವವಾಗಿ ಮಾರ್ಪಡಿಸುವುದರಿಂದ ಅದರ ಬೆಣ್ಣೆ ಬಿಳಿ. ಹಸಿರಿನ ಲಿನೋಲೆನಿಕ್ ಆಮ್ಲದಿಂದಾಗಿ ಹಾಲಿನಲ್ಲಿ ಒಮೆಗಾ-3 ಮತ್ತು ಸಿಸ್-9, ಟ್ರಾನ್ಸ್-11 ಸಿಎಲ್‌ಎ ಎಂಬ ಇನ್ನೊಂದು ಸಿಎಲ್‌ಎ ಹೆಚ್ಚುತ್ತವೆ. ಇದು ಜಿಡ್ಡು ತಡೆಯುವ ಹಿಂದಿನದಲ್ಲ. ಬೇಸಿಗೆಯಲ್ಲಿ ಬರೀ ರಾಗಿ ಹುಲ್ಲಿನ ಮೇಲಿರುವ ಹಸುವಿನ ಬೆಣ್ಣೆ ಬಿಳಿಚಿ ಗಟ್ಟಿಯಾಗುವುದು, ಮಳೆ ಬಿದ್ದು ಹಸಿರು ಬಂದ ಮೇಲೆ ಹಳದಿಗೆ ತಿರುಗುವುದು ಇದೇ ಕಾರಣಕ್ಕೆ. ಕಲಬೆರಕೆಯೆಂದು ಅನುಮಾನಿಸಬೇಕಿಲ್ಲ.

ಕರು ಹಾಕಿದ ಮೊದಲ ವಾರಗಳಲ್ಲಿ ಫ್ಯಾಟು 5ರ ಮೇಲೆ ಹೋದರೆ ಹಿಗ್ಗಬೇಡಿ. ಹಸು ತಿಂದದ್ದು ಸಾಲದೆ ತನ್ನ ಮೈಕೊಬ್ಬನ್ನು ಕರಗಿಸಿ ಹಾಲಿಗೆ ಹಾಕುತ್ತಿದೆ. ಜೊತೆಗೆ ಹಿಂಡಿ ಬಿಡುವುದು, ಬಾಯಲ್ಲಿ ಸಿಹಿ ಹಣ್ಣಿನಂಥ ವಾಸನೆ, ಬೇಗ ಬಡಕಲಾಗುವುದು ಕಂಡರೆ ಕೀಟೋಸಿಸ್ (ಮೈಕೊಬ್ಬು ಅತಿಯಾಗಿ ಕರಗಿ ಬರುವ ಕಾಯಿಲೆ) ಶಂಕೆಯಿಂದ ಡಾಕ್ಟರಿಗೆ ತೋರಿಸಿ.

ನಮ್ಮ ಕಡೆಯ ಮೇವು

ರಾಗಿ ಹುಲ್ಲು ನಮ್ಮ ಭಾಗ್ಯ. ಭತ್ತದ ಹುಲ್ಲಿಗಿಂತ ಚೆನ್ನಾಗಿ ಜೀರ್ಣವಾಗುತ್ತದೆ, ಸುಣ್ಣದಂಶವೂ ಹೆಚ್ಚು. ಪ್ರೋಟೀನು ಕಡಿಮೆ ಎಂಬುದೊಂದೇ ಕೊರತೆ, ಅದನ್ನು ಅವರೆ, ತೊಗರಿಯ ಹೊಟ್ಟು, ಕಡಲೆಕಾಯಿ ಬಳ್ಳಿ ತುಂಬಿಕೊಡುತ್ತವೆ. ಸುಗ್ಗಿಯಲ್ಲಿ ಮೆದೆಯನ್ನು ಮಳೆ ನೆನೆಯದಂತೆ ಒಟ್ಟಿ. ಮುಗ್ಗಲು ಹಿಡಿದ ಹುಲ್ಲು, ಬೂಸಲು ಬಂದ ಹಿಂಡಿ ಹಾಕಿದರೆ ಫ್ಯಾಟಿಗಿಂತ ದೊಡ್ಡ ತೊಂದರೆ ಬರುತ್ತದೆ. ಸೀಮೆಹುಲ್ಲನ್ನು 45 ದಿನಕ್ಕೊಮ್ಮೆ ಕೊಯ್ಯಿರಿ, ಆಳೆತ್ತರ ಬೆಳೆದು ದಂಟಾದ ಮೇಲೆ ತೂಕ ಸಿಗುತ್ತದೆ, ಸತ್ವ ಸಿಗದು. ನೀರಿರುವಾಗ ಮುಸುಕಿನ ಜೋಳವನ್ನು ಕಾಳು ಹಾಲುಗಟ್ಟುವ ಹದದಲ್ಲಿ ಕೊಯ್ದು ರಸಮೇವು (ಗಾಳಿಯಾಡದಂತೆ ಒತ್ತಿ ಹುಳಿಸಿಟ್ಟ ಹಸಿರು ಮೇವು) ಮಾಡಿಟ್ಟುಕೊಂಡರೆ ಬೇಸಿಗೆಯ ಎಲೆಕೋಸಿನ ದಿನಗಳು ಬರುವುದೇ ಇಲ್ಲ.

ಶಿಡ್ಲಘಟ್ಟ, ಚಿಂತಾಮಣಿ ಕಡೆ ಹಿಪ್ಪುನೇರಳೆ ಸೊಪ್ಪು ಇದೆ. ಪ್ರೋಟೀನು ಸಮೃದ್ಧ, ಹಸು ಪ್ರೀತಿಯಿಂದ ತಿನ್ನುತ್ತದೆ. ನಾರು ಕಡಿಮೆಯಿರುವುದರಿಂದ ರಾಗಿ ಹುಲ್ಲಿನ ಜೊತೆಗೇ ಕೊಡಿ. ರೇಷ್ಮೆ ಹುಳು ತಿಂದು ಬಿಟ್ಟ ಸೊಪ್ಪು ಕಡ್ಡಿಯ ವಿಷಯದಲ್ಲಿ ಎಚ್ಚರ: ಹಾಸಿಗೆಗೆ ಸುಣ್ಣ, ರೋಗನಿರೋಧಕ ಪುಡಿ ಎರಚಿದ್ದರೆ ಅದು ತಿಪ್ಪೆಗೇ ಹೋಗಲಿ. ಟೊಮೆಟೊ ಬೆಲೆ ಬಿದ್ದಾಗ ಕ್ರೇಟುಗಟ್ಟಲೆ ಹಸುವಿನ ಮುಂದೆ ಬೀಳುತ್ತದೆ. ನೀರು ಮತ್ತು ಹುಳಿಯಲ್ಲದೆ ಅದರಲ್ಲಿ ಹೆಚ್ಚೇನಿಲ್ಲ, ಔಷಧ ಹೊಡೆದ ದಿನದ ಲೆಕ್ಕವೂ ಯಾರಿಗೂ ಇರುವುದಿಲ್ಲ. ಎಲೆಕೋಸು, ಕ್ಯಾರೆಟ್ ಸೊಪ್ಪು, ಟೊಮೆಟೊ ಯಾವುದೇ ಇರಲಿ, ಐದಾರು ಕಿಲೋ ಮೀರದಿರಲಿ, ಒಣಹುಲ್ಲು ತಿಂದ ಮೇಲೆ ಇರಲಿ.

ಬೇಸಿಗೆ, ಸೋಡ, ಬೈಪಾಸ್ ಫ್ಯಾಟು

ಮಾರ್ಚಿಯಿಂದ ಮೇ ತಿಂಗಳವರೆಗೆ ಫ್ಯಾಟು ಇಳಿಯಲು ಬಿಸಿಲೂ ಕಾರಣ. ಹುಲ್ಲು ಹೊಟ್ಟೆಯಲ್ಲಿ ಹುಳಿಯುವಾಗ ಹೆಚ್ಚು ಶಾಖ ಹುಟ್ಟುತ್ತದೆ, ಸೆಖೆಯಲ್ಲಿ ಹಸು ಹುಲ್ಲನ್ನು ಬಿಟ್ಟು ಹಿಂಡಿ ಮಾತ್ರ ತಿನ್ನುತ್ತದೆ. ಏದುಸಿರು ಬಿಡುತ್ತಾ ಜೊಲ್ಲನ್ನು ನೆಲಕ್ಕೆ ಸುರಿಸುತ್ತದೆ, ಆ ಸೋಡ ಹೊಟ್ಟೆಗೆ ಸೇರುವುದಿಲ್ಲ. ಹುಲ್ಲನ್ನು ಬೆಳಗಿನ ಜಾವ ಮತ್ತು ರಾತ್ರಿ ಹೆಚ್ಚು ಹಾಕಿ, ಮಧ್ಯಾಹ್ನ ಮೈಗೆ ನೀರು ಹೊಡೆಯಿರಿ, ನೀರಿನ ತೊಟ್ಟಿ ನೆರಳಲ್ಲಿರಲಿ, ಯಾವ ಹೊತ್ತಿಗೂ ತುಂಬಿರಲಿ.

ಅಡುಗೆ ಸೋಡವನ್ನು ದಿನಕ್ಕೆ 100 ಗ್ರಾಂನಷ್ಟು, ಎರಡು ಹೊತ್ತಿಗೆ ಹಂಚಿ ಹಿಂಡಿಯಲ್ಲಿ ಬೆರೆಸಿದರೆ ಹುಳಿಯಾದ ಹೊಟ್ಟೆಗೆ ನಿಜಕ್ಕೂ ಉಪಕಾರ. ಹಿಂಡಿ ಹೆಚ್ಚು ತಿನ್ನುವ ಹಸುವಿಗೆ, ಬೇಸಿಗೆಯಲ್ಲಿ ಇದು ಕೆಲಸ ಮಾಡುತ್ತದೆ. ಹುಲ್ಲು ಸಾಕಷ್ಟು ತಿನ್ನುವ ಹಸುವಿಗೆ ಇದರಿಂದ ಏನೂ ಆಗದು. ಬೈಪಾಸ್ ಫ್ಯಾಟು ಎಂದರೆ ಮೊದಲ ಹೊಟ್ಟೆಯಲ್ಲಿ ಕರಗದಂತೆ ಕ್ಯಾಲ್ಸಿಯಂ ಜೊತೆ ಬಂಧಿಸಿದ ಕೊಬ್ಬು, ಹೆಚ್ಚಾಗಿ ತಾಳೆ ಎಣ್ಣೆಯದು. ದಿನಕ್ಕೆ 100ರಿಂದ 200 ಗ್ರಾಂ ಕೊಟ್ಟರೆ ಹೆಚ್ಚು ಹಾಲಿನ ಹಸು ಬಡಕಲಾಗುವುದು ತಪ್ಪುತ್ತದೆ, ಫ್ಯಾಟೂ ಸ್ವಲ್ಪ ಏರುತ್ತದೆ. 8 ಲೀಟರಿನ ಹಸುವಿಗೆ ಆ ಖರ್ಚು ದಂಡ ಎಂಬುದು ನನ್ನ ಖಚಿತ ಅಭಿಪ್ರಾಯ. ಆ ಹಣಕ್ಕೆ ಒಂದು ಹೊರೆ ಹುಲ್ಲು ಕೊಳ್ಳಿ. ಖನಿಜ ಮಿಶ್ರಣ 50 ಗ್ರಾಂ, ಉಪ್ಪು 30 ಗ್ರಾಂ ಮಾತ್ರ ಎಲ್ಲ ಹಸುವಿಗೂ ದಿನವೂ ಬೇಕು.

ಬದಲಿಸಿದ ಮೇಲೆ

ಒಂದೇ ದಿನ ಎಲ್ಲವನ್ನೂ ಬದಲಿಸಬೇಡಿ. ಹೊಟ್ಟೆಯ ಜೀವಿಗಳು ಹೊಸ ಮೇವಿಗೆ ಹೊಂದಿಕೊಳ್ಳಲು ಹತ್ತು ಹನ್ನೆರಡು ದಿನ ಬೇಕು. ಮೊದಲ ವಾರ ಕ್ರಮ ಮಾತ್ರ ಬದಲಿಸಿ. ಎರಡನೆಯ ವಾರ ಹುಲ್ಲು ಒಂದು ಕಿಲೋ ಏರಿಸಿ, ಹಿಂಡಿ ಅರ್ಧ ಕಿಲೋ ಇಳಿಸಿ, ತೌಡು ನಿಲ್ಲಿಸಿ. ಬಿದ್ದ ಫ್ಯಾಟು ಮೇಲೇಳಲು ಎರಡರಿಂದ ಮೂರು ವಾರ ಹಿಡಿಯುತ್ತದೆ. ನಾಲ್ಕನೇ ದಿನಕ್ಕೆ ಏರಲಿಲ್ಲವೆಂದು ಹಳೆಯ ಬಕೆಟ್ಟಿಗೆ ಮರಳುವವರೇ ಹೆಚ್ಚು. ಡೈರಿ ಚೀಟಿಗಳನ್ನು ಬಿಸಾಡದೆ, ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಲೀಟರು, ಫ್ಯಾಟು, ಎಸ್‌ಎನ್‌ಎಫ್, ಆ ದಿನ ಹಾಕಿದ ಹೊಸ ಮೇವು ಬರೆದಿಡಿ. ಒಂದು ದಿನದ ಏರಿಳಿತಕ್ಕೆ ಬೆಲೆ ಕೊಡದೆ ವಾರದ ಸರಾಸರಿ ತೆಗೆಯಿರಿ.

ಮೂರು ವಾರ ಕಳೆದೂ ಅಲುಗಲಿಲ್ಲವೆಂದರೆ ಪಶು ವೈದ್ಯರಿಂದ ಕೆಚ್ಚಲುಬಾವಿನ ಪರೀಕ್ಷೆ ಮಾಡಿಸಿ, ಹೊರಗೆ ಕಾಣದ ಬಾವು ಬಹಳ ಹಸುಗಳಲ್ಲಿರುತ್ತದೆ. ಮೇವಿನ ಬಗ್ಗೆ ಹೆಚ್ಚಿನ ಸಲಹೆಗೆ ಬೆಂಗಳೂರಿನ ಆಡುಗೋಡಿಯಲ್ಲಿ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ ಇದೆ, ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜಿದೆ. ಕೆಚ್ಚಲೂ ಮೇವೂ ಸರಿಯಿದ್ದರೆ ಉಳಿದದ್ದು ತಳಿ. ಮುಂದಿನ ಸಲ ಹಸು ಬೆದೆಗೆ ಬಂದಾಗ ಕೃತಕ ಗರ್ಭಧಾರಣೆಯ ಇಂಜೆಕ್ಷನ್ ಕೊಡಲು ಬಂದವರನ್ನು ಹೋರಿಯ ತಾಯಿಯ ಹಾಲಿನ ಪ್ರಮಾಣದ ಜೊತೆಗೆ ಅದರ ಫ್ಯಾಟು ಎಷ್ಟಿತ್ತು ಎಂದೂ ಕೇಳಿ. ಬರೀ ಲೀಟರು ಕೇಳಿ ಎಚ್‌ಎಫ್ ಅಂಶ ಏರಿಸುತ್ತಲೇ ಹೋದ ಮನೆಗಳಿಗೆ ಜರ್ಸಿ ಮಿಶ್ರ ಒಂದು ಒಳ್ಳೆಯ ಆಯ್ಕೆ. ಹುಟ್ಟುವ ಹೆಣ್ಣುಕರು ಕಡಸಾಗಿ, ಗಬ್ಬವಾಗಿ, ತನ್ನ ಮೊದಲ ಹಾಲನ್ನು ಡೈರಿಗೆ ಕೊಡಲು ಮೂರು ವರ್ಷವಾದರೂ ಬೇಕು.